ಸ್ವೀಡನ್ನಿನ ಬೇಟೆಗಾರರು ತೋಳದ ಕಾನೂನು ರಕ್ಷಣೆಯ ಬಗ್ಗೆ ನಿಜಕ್ಕೂ ಏನು ಹೇಳುತ್ತಾರೆ?

ಪ್ರಶ್ನೆ: ಬಯಲುಸೀಮೆ ಓದುಗ (ಗಂಗಾವತಿ)

ನಮ್ಮ ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗಾಗಿಯೇ ವನ್ಯಜೀವಿ ಧಾಮ ಮಾಡುತ್ತಿರುವ ಕಾಲದಲ್ಲೇ ಯುರೋಪಿನಲ್ಲಿ ತೋಳಕ್ಕಿದ್ದ ರಕ್ಷಣೆಯನ್ನು ಸಡಿಲಿಸಿದ್ದಾರೆ ಎಂದು ಓದಿದೆ. ಅದರ ಹಿಂದೆ ಬೇಟೆಗಾರರ ಸಂಘಗಳ ಒತ್ತಡ ದೊಡ್ಡದಿತ್ತು ಎಂದು ಹಲವರು ಬರೆದಿದ್ದಾರೆ. ನಮ್ಮಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಮೊದಲ ಅನುಸೂಚಿಯಲ್ಲೇ ತೋಳವಿದೆ, ಬೇಟೆಯಂತೂ ಪೂರ್ತಿ ನಿಷೇಧ. ಹಾಗಾಗಿ ಸಂರಕ್ಷಣೆಯ ಚರ್ಚೆಯಲ್ಲಿ ಬೇಟೆಗಾರನೂ ಒಬ್ಬ ಪಾಲುದಾರನಾಗಿ ಕೂರುವುದು ನಮಗೆ ಅಪರಿಚಿತವಾದ ಸಂಗತಿ.

ನನಗೆ ಅರ್ಥವಾಗದಿರುವುದು ಇದು. ಸ್ವೀಡನ್ನಿನಲ್ಲಿ ಚಳಿಗಾಲದ ಹಿಮದ ಮೇಲೆ ಜಾಡು ಹಿಡಿದು ತೋಳಗಳ ಗಣತಿಗೆ ನೆರವಾಗುವವರಲ್ಲಿ ಅನೇಕರು ಬೇಟೆಗಾರರೇ ಎಂದು ಕೇಳಿದ್ದೇನೆ. ಹಾಗೆ ಎಣಿಸಿದ ಪ್ರಾಣಿಯನ್ನೇ ಕಡಿಮೆ ಮಾಡಬೇಕೆಂದು ಅವರೇ ಕೇಳುವುದು ಚರ್ಮ ಮತ್ತು ತಲೆಬುರುಡೆಯ ಆಸೆಗೋ, ಅಥವಾ ಬೇರೆ ಕಾರಣಗಳಿವೆಯೋ? ಕಾನೂನುಬದ್ಧವಾಗಿ ಒಂದಿಷ್ಟು ತೋಳಗಳನ್ನು ಹೊಡೆಯಲು ಬಿಟ್ಟರೆ ಕಳ್ಳಬೇಟೆ ತಗ್ಗುತ್ತದೆ ಎಂಬ ಅವರ ವಾದದಲ್ಲಿ ಹುರುಳಿದೆಯೇ? ಅಲ್ಲಿ ವಾಸವಾಗಿರುವವರು ಅಥವಾ ವಿಷಯ ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ಓರೆಬ್ರು ಕನ್ನಡಿಗ

ಕೆಲಸದ ನಿಮಿತ್ತ ಬಂದು ಸ್ವೀಡನ್ನಿನ ಓರೆಬ್ರು ಪ್ರಾಂತ್ಯದಲ್ಲಿ ನೆಲೆಸಿದವನು ನಾನು. ಇಲ್ಲಿನ ಬೇಟೆ ಪರೀಕ್ಷೆಯನ್ನು ಪಾಸು ಮಾಡಿ ಹಳ್ಳಿಯೊಂದರ ಮೂಸ್ (ಜಿಂಕೆ ಜಾತಿಯ ದೊಡ್ಡ ಪ್ರಾಣಿ) ಬೇಟೆಯ ತಂಡದಲ್ಲಿದ್ದೇನೆ. ಆದ್ದರಿಂದ ನನ್ನ ಮಾತು ಸ್ವಲ್ಪ ಒಂದು ಕಡೆಗೆ ವಾಲಿರುತ್ತದೆ ಎಂದುಕೊಂಡೇ ಓದಿ.

ಚರ್ಮದ ಆಸೆಯವರು ಇಲ್ಲವೆನ್ನಲಾರೆ. ಆದರೆ ನಮ್ಮ ತಂಡದ ಊಟದ ಮೇಜಿನಲ್ಲಿ ತೋಳದ ಮಾತು ಬಂದರೆ ಮೊದಲು ಬರುವುದು ನಾಯಿಯ ವಿಷಯ. ಇಲ್ಲಿನ ಮೂಸ್ ಬೇಟೆಯ ಹಳೆಯ ಕ್ರಮವೊಂದು ನಾಯಿಯನ್ನು ಬಿಟ್ಟು ಮಾಡುವಂಥದ್ದು. ಬೂದುಬಣ್ಣದ, ನಿಮಿರಿದ ಕಿವಿಯ ನಾಯಿಯ ಕೊರಳಿಗೆ ಜಿಪಿಎಸ್ ಪಟ್ಟಿ ಕಟ್ಟಿ ಬೆಳಗಿನ ಜಾವ ಬಿಡುತ್ತಾರೆ. ಅದು ಕಾಡಿನೊಳಗೆ ಒಂದೆರಡು ಕಿಲೋಮೀಟರ್ ಒಂಟಿಯಾಗಿ ಹೋಗಿ, ಮೂಸನ್ನು ಹುಡುಕಿ, ಅದರ ಎದುರು ನಿಂತು ಬಿಡದೆ ಬೊಗಳುತ್ತದೆ. ಒಡೆಯನ ಕೈಯಲ್ಲಿರುವ ಪರದೆಯ ಮೇಲೆ ನಾಯಿ ಇರುವ ಜಾಗ ಒಂದು ಚುಕ್ಕೆಯಾಗಿ ಕಾಣುತ್ತದೆ, ನಿಮಿಷಕ್ಕೆ ಎಷ್ಟು ಸಲ ಬೊಗಳುತ್ತಿದೆ ಎಂಬ ಎಣಿಕೆಯೂ ಪಕ್ಕದಲ್ಲಿ ಬರುತ್ತದೆ. ಅವನು ಗಾಳಿಗೆ ಎದುರಾಗಿ, ಸದ್ದಿಲ್ಲದೆ ಆ ಕಡೆ ಸಾಗಬೇಕು. ಇದೇ ಬೊಗಳುವಿಕೆ ತೋಳಕ್ಕೂ ಕೇಳುತ್ತದೆ, ತನ್ನ ಸರಹದ್ದಿಗೆ ಬಂದ ನಾಯಿಯನ್ನು ಅದು ಅತಿಕ್ರಮಣ ಮಾಡಿದ ಇನ್ನೊಂದು ತೋಳದಂತೆಯೇ ನೋಡುತ್ತದೆ. ಎಣಿಕೆ ಇದ್ದಕ್ಕಿದ್ದಂತೆ ಸೊನ್ನೆಗಿಳಿದು ಚುಕ್ಕೆ ಅಲ್ಲಾಡದೆ ನಿಂತರೆ ಒಡೆಯನಿಗೆ ಏನಾಗಿದೆಯೆಂದು ಗೊತ್ತಾಗುತ್ತದೆ, ಆದರೆ ಅವನಿನ್ನೂ ಅರ್ಧ ಗಂಟೆಯ ದಾರಿ ದೂರದಲ್ಲಿರುತ್ತಾನೆ. ಇಡೀ ದೇಶದ ಲೆಕ್ಕದಲ್ಲಿ ಹೀಗೆ ಸಾಯುವ ನಾಯಿಗಳು ಹೆಚ್ಚಲ್ಲ. ಆದರೆ ಅಪಾಯವಿರುವುದು ತೋಳದ ಹಿಂಡು ನೆಲೆಸಿದ ಕೆಲವೇ ಪ್ರದೇಶಗಳಲ್ಲಿ, ಅಲ್ಲಿ ನಾಯಿ ಬಿಡುವುದನ್ನೇ ನಿಲ್ಲಿಸಿದ ತಂಡಗಳಿವೆ.

ಎರಡನೆಯದು ಮೂಸ್. ಸ್ಕಾಂಡಿನೇವಿಯಾದ ಒಂದು ಹಿಂಡಿನ ಸರಹದ್ದು ಸುಮಾರು 1,000 ಚದರ ಕಿಲೋಮೀಟರ್ ಇರುತ್ತದೆ, ಅದು ವರ್ಷಕ್ಕೆ ನೂರರ ಆಸುಪಾಸಿನಲ್ಲಿ ಮೂಸ್‌ಗಳನ್ನು, ಅದರಲ್ಲೂ ಕರುಗಳನ್ನು ಹಿಡಿಯುತ್ತದೆ. ಅಷ್ಟರಮಟ್ಟಿಗೆ ಆ ಪ್ರದೇಶದ ಬೇಟೆ ತಂಡಗಳ ಪಾಲು ಇಳಿಯಬೇಕಾಗುತ್ತದೆ. ಇಲ್ಲಿ ಬೇಟೆಯ ಹಕ್ಕು ಜಮೀನಿನ ಒಡೆತನಕ್ಕೆ ಸೇರಿದ್ದು, ಆ ಮಾಂಸವೇ ಎಷ್ಟೋ ಮನೆಗಳ ವರ್ಷದ ಫ್ರೀಜರನ್ನು ತುಂಬುತ್ತದೆ.

ಮೂರನೆಯದು ನನಗೆ ಮುಖ್ಯವೆನಿಸುವುದು: ತೀರ್ಮಾನ ಯಾರದು ಎಂಬುದು. 1966ರಲ್ಲಿ ತೋಳಕ್ಕೆ ರಕ್ಷಣೆ ಕೊಟ್ಟಾಗ ಇಲ್ಲಿ ತೋಳವೇ ಉಳಿದಿರಲಿಲ್ಲವೆನ್ನಬೇಕು, ಹಾಗಾಗಿ ಯಾರಿಗೂ ಅದರಿಂದ ನಷ್ಟವಾಗಲಿಲ್ಲ. 1983ರಲ್ಲಿ ವೆರ್ಮ್‌ಲಾಂಡ್ ಪ್ರಾಂತ್ಯದಲ್ಲಿ ತೋಳದ ಜೋಡಿಯೊಂದು ಮರಿ ಹಾಕಿದ ಮೇಲೆ ಸಂಖ್ಯೆ ಬೆಳೆಯಿತು. 2010ರ ಜನವರಿಯಲ್ಲಿ 27 ತೋಳಗಳ ಮಿತಿಯೊಂದಿಗೆ ಪರವಾನಗಿ ಬೇಟೆ ಆರಂಭವಾಯಿತು. ಅಲ್ಲಿಂದ ಮುಂದೆ ಆಡಳಿತ ಅನುಮತಿ ಕೊಡುವುದು, ಪರಿಸರ ಸಂಘಟನೆಗಳು ನ್ಯಾಯಾಲಯಕ್ಕೆ ಹೋಗುವುದು, ತಡೆ, ಮೇಲ್ಮನವಿ, ಹೀಗೆ ಹಲವು ಚಳಿಗಾಲಗಳು ಕಳೆದವು. 2016ರ ಡಿಸೆಂಬರ್ ಕೊನೆಯಲ್ಲಿ ಸರ್ವೋಚ್ಚ ಆಡಳಿತ ನ್ಯಾಯಾಲಯ ಇಂಥ ಬೇಟೆ ಕಾನೂನಿಗೆ ಒಳಪಟ್ಟೇ ನಡೆಯಬಹುದೆಂದು ಹೇಳಿತು. ಅಷ್ಟರಲ್ಲಿ ಹಳ್ಳಿಗಳಲ್ಲಿ ‘ನಮ್ಮ ಕಾಡಿನ ತೀರ್ಮಾನ ಬ್ರಸೆಲ್ಸ್ ಮತ್ತು ಸ್ಟಾಕ್‌ಹೋಮಿನಲ್ಲಿ ಆಗುತ್ತದೆ’ ಎಂಬ ಮಾತು ಬೇರು ಬಿಟ್ಟಾಗಿತ್ತು. ತೋಳವೇ ಬೇಡ ಎನ್ನುವವರು ನಮ್ಮಲ್ಲಿ ಇದ್ದಾರೆ, ಆದರೆ ‘ಇರಲಿ, ಎಷ್ಟಿರಬೇಕೆಂದು ಮೂಸ್‌ಗೆ ಮಾಡುವ ಹಾಗೆ ಪ್ರಾಂತ್ಯದ ಮಟ್ಟದಲ್ಲಿ ನಿರ್ಧರಿಸಲಿ’ ಎನ್ನುವವರೇ ನನಗೆ ಹೆಚ್ಚು ಕಂಡಿದ್ದಾರೆ.

ಉತ್ತರ: ಕಾಯಿದೆ ಪುಟ

ಕಾನೂನಿನ ಭಾಗವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ‘ರಕ್ಷಣೆ ತೆಗೆದರು’ ಎಂಬ ಸುದ್ದಿಯ ತಲೆಬರಹ ಪೂರ್ತಿ ಸರಿಯಲ್ಲ.

ಯುರೋಪಿನ ವನ್ಯಜೀವಿಗಳಿಗೆ ಸಂಬಂಧಿಸಿದ 1979ರ ಬರ್ನ್ ಒಪ್ಪಂದದಲ್ಲಿ ತೋಳವು ‘ಕಟ್ಟುನಿಟ್ಟಾಗಿ ರಕ್ಷಿತ’ ಪಟ್ಟಿಯಲ್ಲಿತ್ತು. ಯುರೋಪಿಯನ್ ಒಕ್ಕೂಟದ ವನ್ಯಜೀವಿ ಕಾನೂನಾದ 1992ರ ಆವಾಸ ನಿರ್ದೇಶನದ ನಾಲ್ಕನೇ ಅನುಬಂಧದಲ್ಲೂ ಹಾಗೆಯೇ ಇತ್ತು, ಕೆಲವು ದೇಶ ಮತ್ತು ಪ್ರದೇಶಗಳಿಗೆ ಮಾತ್ರ ವಿನಾಯಿತಿ ಇತ್ತು. 1995ರಲ್ಲಿ ಒಕ್ಕೂಟ ಸೇರಿದ ಸ್ವೀಡನ್‌ಗೆ ಆ ವಿನಾಯಿತಿ ಇರಲಿಲ್ಲ. ಆದ್ದರಿಂದ ಅಲ್ಲಿ ನಡೆದ ಪ್ರತಿಯೊಂದು ಪರವಾನಗಿ ಬೇಟೆಯೂ ‘ಬೇರೆ ದಾರಿಯೇ ಇಲ್ಲ, ಇದರಿಂದ ಸಂತತಿಗೆ ಧಕ್ಕೆಯಿಲ್ಲ’ ಎಂದು ಸಾಬೀತುಪಡಿಸಬೇಕಾದ ಅಪವಾದವಾಗಿತ್ತು. ಪ್ರತಿ ವರ್ಷ ನ್ಯಾಯಾಲಯದ ಮೆಟ್ಟಿಲು ಹತ್ತಬೇಕಾಗಿ ಬಂದದ್ದು ಈ ಕಾರಣಕ್ಕೆ.

ಮೂಲ ಪ್ರಶ್ನೆಯಲ್ಲಿರುವ ಕಳ್ಳಬೇಟೆಯ ವಾದವೂ ಈ ಅಪವಾದದ ಬಾಗಿಲಿನಿಂದಲೇ ಒಳಬಂದದ್ದು. ಫಿನ್‌ಲ್ಯಾಂಡ್ ಇದೇ ನೆಪದಲ್ಲಿ ತೋಳ ಹೊಡೆಯಲು ಅನುಮತಿ ಕೊಟ್ಟಾಗ ತಾಪಿಯೋಲಾ ಎಂಬ ಸಂಘಟನೆ ಪ್ರಶ್ನಿಸಿತು. 2019ರ ಅಕ್ಟೋಬರ್ 10ರಂದು ಒಕ್ಕೂಟದ ನ್ಯಾಯಾಲಯ ಕೊಟ್ಟ ತೀರ್ಪಿನ ಪ್ರಕಾರ, ಕಳ್ಳಬೇಟೆ ತಡೆಯುವುದು ಒಂದು ಉದ್ದೇಶವಾಗಿರಬಹುದು, ಆದರೆ ಕಾನೂನುಬದ್ಧ ಬೇಟೆಯಿಂದ ಅದು ನಿಜವಾಗಿ ತಗ್ಗುತ್ತದೆ ಎಂಬುದಕ್ಕೆ ಕಠಿಣ ವೈಜ್ಞಾನಿಕ ಆಧಾರವನ್ನು ಅನುಮತಿ ಕೊಡುವವರೇ ಒದಗಿಸಬೇಕು.

ಆಮೇಲೆ ಗಾಳಿ ತಿರುಗಿತು. 2022ರಲ್ಲಿ ಜರ್ಮನಿಯಲ್ಲಿ ಯುರೋಪಿಯನ್ ಆಯೋಗದ ಅಧ್ಯಕ್ಷೆ ಉರ್ಸುಲಾ ಫಾನ್ ಡೆರ್ ಲೈಯೆನ್ ಅವರ ಡಾಲಿ ಎಂಬ ಕುಳ್ಳ ಕುದುರೆಯನ್ನು ತೋಳ ಕೊಂದಿತ್ತು. ಬದಲಾವಣೆಗೆ ಅದೇ ಕಾರಣ ಎನ್ನುವುದು ಹಾಸ್ಯಕ್ಕೆ ಸರಿ, ಕುರಿಗಾಹಿಗಳ ಮತ್ತು ಬೇಟೆಗಾರರ ಒತ್ತಡ ಅದಕ್ಕಿಂತ ಹಳೆಯದು. 2024ರ ಡಿಸೆಂಬರಿನಲ್ಲಿ ಬರ್ನ್ ಒಪ್ಪಂದದ ಸ್ಥಾಯಿ ಸಮಿತಿ ತೋಳವನ್ನು ಬರೀ ‘ರಕ್ಷಿತ’ ಪಟ್ಟಿಗೆ ಇಳಿಸಿತು. 2025ರ ಜುಲೈಯಲ್ಲಿ ಆವಾಸ ನಿರ್ದೇಶನದಲ್ಲೂ ತೋಳ ನಾಲ್ಕನೇ ಅನುಬಂಧದಿಂದ ಐದನೆಯದಕ್ಕೆ ಹೋಯಿತು. ಇನ್ನು ಮುಂದೆ ಬೇಟೆ ಅಪವಾದವಲ್ಲ, ನಿರ್ವಹಣೆಯ ಒಂದು ಸಾಧನ. ಆದರೆ ಸಂತತಿಯನ್ನು ‘ಅನುಕೂಲಕರ ಸ್ಥಿತಿ’ಯಲ್ಲಿ ಉಳಿಸುವ ಹೊಣೆ ಹಾಗೆಯೇ ಇದೆ. ಸ್ಪೇನಿನ ಪ್ರಕರಣವೊಂದರಲ್ಲಿ 2024ರ ಜುಲೈ 29ರಂದು ಅದೇ ನ್ಯಾಯಾಲಯ, ಐದನೇ ಅನುಬಂಧದಲ್ಲಿದ್ದರೂ ಸ್ಥಿತಿ ಅನುಕೂಲಕರವಾಗಿಲ್ಲದಿದ್ದರೆ ತೋಳವನ್ನು ಬೇಟೆಯ ಪ್ರಾಣಿಯೆಂದು ಘೋಷಿಸುವಂತಿಲ್ಲ ಎಂದು ಹೇಳಿದೆ. ಹೀಗಾಗಿ ಜಗಳ ಮುಗಿದಿಲ್ಲ, ‘ಬೇಟೆಯಾಡಬಹುದೇ’ ಎಂಬಲ್ಲಿಂದ ‘ಎಷ್ಟಿದ್ದರೆ ಸಾಕು’ ಎಂಬಲ್ಲಿಗೆ ಸರಿದಿದೆ.

ಉತ್ತರ: ಹಿಮಜಾಡು (ಉಪ್ಸಾಲಾ)

‘ಕಾಯಿದೆ ಪುಟ’ದವರು ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸುತ್ತೇನೆ. ಸ್ವೀಡನ್ ಸರ್ಕಾರ ‘ಸಾಕು’ ಎನ್ನುವ ಸಂಖ್ಯೆಯನ್ನು 300ರಿಂದ 170ಕ್ಕೆ ಇಳಿಸಿದೆ. 2024-25ರ ಚಳಿಗಾಲದ ಗಣತಿಯ ಅಂದಾಜು ಸುಮಾರು 355. ಅಂದರೆ ಕಾಗದದ ಮೇಲೆ ಅರ್ಧಕ್ಕಿಂತ ಹೆಚ್ಚು ತೋಳಗಳು ‘ಹೆಚ್ಚುವರಿ’ಯಾದವು.

ಸಂಖ್ಯೆಯೊಂದೇ ಅಲ್ಲ, ರಕ್ತಸಂಬಂಧದ ತೊಂದರೆಯೂ ಇದೆ. ಈ ಇಡೀ ಸಂತತಿ ಬೆಳೆದದ್ದು ಫಿನ್‌ಲ್ಯಾಂಡ್ ಮತ್ತು ರಷ್ಯಾದ ಕಡೆಯಿಂದ ಬಂದ ಬೆರಳೆಣಿಕೆಯ ತೋಳಗಳಿಂದ: 1983ರ ಆ ಜೋಡಿ, 1990ರ ದಶಕದ ಆರಂಭದಲ್ಲಿ ಒಂದು ಗಂಡು, 2008ರ ಸುಮಾರಿಗೆ ಇನ್ನೆರಡು ಗಂಡು, ಆನಂತರ ಅಪರೂಪಕ್ಕೆ ಒಂದೊಂದು. ಸರಾಸರಿ ತೋಳವೊಂದು ಒಡಹುಟ್ಟಿದ ಜೋಡಿಗೆ ಹುಟ್ಟಿದ ಮರಿಯಷ್ಟೇ ಒಳಸಂಬಂಧದ್ದು. ಹೊಸ ರಕ್ತ ಬರಬೇಕಾದ ದಾರಿ ಉತ್ತರದ ಹಿಮಸಾರಂಗ ಸಾಕಣೆಯ ಪ್ರದೇಶದ ಮೂಲಕ ಹಾದುಬರುತ್ತದೆ. ಅಲ್ಲಿನ ಮೂಲನಿವಾಸಿಗಳಾದ ಸಾಮಿ ಜನರ ಹಿಮಸಾರಂಗಗಳಿಗೆ ತೋಳದಿಂದ ಆಗುವ ಹಾನಿ ನಿಜವಾದ್ದರಿಂದ ಅಲ್ಲಿ ತೋಳ ನೆಲೆಯೂರಲು ಬಿಡುವುದಿಲ್ಲ. ಹೊರಗಿನಿಂದ ಬಂದ ತೋಳಗಳನ್ನೂ ಅವುಗಳ ಮರಿಗಳನ್ನೂ ಪರವಾನಗಿ ಬೇಟೆಯಿಂದ ಹೊರಗಿಡುತ್ತಾರೆ ಎಂಬುದನ್ನು ನ್ಯಾಯವಾಗಿ ಇಲ್ಲಿ ಹೇಳಲೇಬೇಕು.

ಕಳ್ಳಬೇಟೆಯ ಬಗ್ಗೆ: 2012ರಲ್ಲಿ ಪ್ರಕಟವಾದ ಸ್ಕಾಂಡಿನೇವಿಯಾದ ಅಧ್ಯಯನವೊಂದು ತೋಳಗಳ ಒಟ್ಟು ಸಾವಿನಲ್ಲಿ ಸುಮಾರು ಅರ್ಧದಷ್ಟು ಕಳ್ಳಬೇಟೆಯಿಂದ ಎಂದೂ, ಅದರಲ್ಲಿ ಮೂರನೇ ಎರಡು ಪಾಲಿಗಿಂತ ಹೆಚ್ಚು ಕಣ್ಣಿಗೇ ಬೀಳುವುದಿಲ್ಲವೆಂದೂ ಅಂದಾಜಿಸಿತು. ಪರವಾನಗಿ ಕೊಟ್ಟರೆ ಇದು ಇಳಿಯುತ್ತದೆ ಎಂಬುದು ಬೇಟೆಗಾರರ ಸಂಘಗಳ ನಂಬಿಕೆ. ಅಮೆರಿಕದ ವಿಸ್ಕಾನ್ಸಿನ್ ಮತ್ತು ಮಿಷಿಗನ್ ರಾಜ್ಯಗಳ ಅಂಕಿ ಅಂಶಗಳ ಮೇಲಿನ 2016ರ ವಿಶ್ಲೇಷಣೆಯೊಂದು ಇದಕ್ಕೆ ವಿರುದ್ಧವಾದದ್ದನ್ನು ಸೂಚಿಸಿತು: ತೋಳಗಳನ್ನು ಕೊಲ್ಲಲು ಸರ್ಕಾರಕ್ಕೆ ಅಧಿಕಾರ ಸಿಕ್ಕ ಅವಧಿಗಳಲ್ಲಿ ಸಂತತಿಯ ಬೆಳವಣಿಗೆ, ಅಧಿಕೃತವಾಗಿ ಕೊಂದವನ್ನು ಬಿಟ್ಟು ಲೆಕ್ಕ ಹಾಕಿದರೂ, ನಿಧಾನವಾಗಿತ್ತು. ಆ ತೀರ್ಮಾನವನ್ನು ಬೇರೆ ವಿಜ್ಞಾನಿಗಳು ಪ್ರಶ್ನಿಸಿದ್ದಾರೆ, ಆದ್ದರಿಂದ ಅದನ್ನೇ ಕೊನೆಯ ಮಾತೆನ್ನಲಾರೆ. ಆದರೆ ಬೇಟೆ ಸಹನೆಯನ್ನು ತರುತ್ತದೆ ಎಂದು ಅಷ್ಟು ಖಚಿತವಾಗಿ ಹೇಳುವವರು ಆಧಾರವನ್ನು ಮುಂದಿಡಬೇಕು.

‘ನಮ್ಮ ಮಾತು ಯಾರೂ ಕೇಳುವುದಿಲ್ಲ’ ಎಂಬ ಬೇಟೆಗಾರರ ದೂರಂತೂ ನನಗೆ ಒಪ್ಪಿಗೆಯಾಗುವುದಿಲ್ಲ. ಸ್ವೀಡಿಷ್ ಬೇಟೆಗಾರರ ಸಂಘ 1830ರಲ್ಲಿ ಹುಟ್ಟಿದ್ದು, 1938ರಿಂದ ಸರ್ಕಾರವೇ ವನ್ಯಪ್ರಾಣಿ ನಿರ್ವಹಣೆಯ ಕೆಲಸವನ್ನು ಅದಕ್ಕೆ ವಹಿಸಿದೆ. ಪ್ರಾಂತ್ಯಗಳ ವನ್ಯಪ್ರಾಣಿ ನಿರ್ವಹಣಾ ಸಮಿತಿಗಳಲ್ಲೂ ಬೇಟೆಗಾರರ ಪ್ರತಿನಿಧಿಗಳಿದ್ದಾರೆ. ಇಷ್ಟು ಕುರ್ಚಿಗಳಿರುವ ಗುಂಪು ದೇಶದಲ್ಲಿ ಬೇರೆ ಹೆಚ್ಚಿಲ್ಲ.

ಬಯಲುಸೀಮೆ ಓದುಗ

ಮೂವರಿಗೂ ವಂದನೆಗಳು. ‘ತೋಳ ಹಳ್ಳಕ್ಕೆ ಬಿದ್ದರೆ ಆಳಿಗೊಂದು ಕಲ್ಲು’ ಎಂಬ ಗಾದೆ ನಮ್ಮದಾದರೂ, ನಮ್ಮ ಕಡೆಯ ಕುರುಬರಲ್ಲಿ ‘ಅದರ ಪಾಲು ಅದಕ್ಕೆ’ ಎಂದು ಕುರಿ ಹೋದದ್ದನ್ನು ಸಹಿಸುವ ಹಿರಿಯರನ್ನು ನಾನು ನೋಡಿದ್ದೇನೆ. ನಷ್ಟ ಅವರ ಹೊಟ್ಟೆಯದು. ಓರೆಬ್ರುವಿನವರೇ, ನಿಮ್ಮಲ್ಲಿ ಬೇಟೆ ಹೊಟ್ಟೆಪಾಡಲ್ಲ, ಹಾಗಿದ್ದೂ ಕುರಿ ಸಾಕುವವರಿಗಿಂತ ಬೇಟೆಗಾರರ ದನಿಯೇ ಜೋರಾಗಿ ಕೇಳುವುದೇಕೆ?

ಓರೆಬ್ರು ಕನ್ನಡಿಗ

ಮೊದಲು ‘ಹಿಮಜಾಡು’ ಅವರಿಗೆ: ಕುರ್ಚಿಗಳ ಮಾತು ಸರಿ, ಆದರೆ ಅವು ಸಂಘದ ಪದಾಧಿಕಾರಿಗಳ ಕುರ್ಚಿಗಳು. ಸಮಿತಿ ನಿರ್ಧರಿಸಿದ್ದು ಪ್ರತಿ ವರ್ಷ ನ್ಯಾಯಾಲಯದಲ್ಲಿ ಬದಲಾದರೆ ಹಳ್ಳಿಯವನಿಗೆ ಆ ಕುರ್ಚಿಯ ಬೆಲೆ ಕಾಣುವುದಿಲ್ಲ. 170ರ ವಿಷಯದಲ್ಲಿ ನನ್ನ ತಂಡದವರು ನನ್ನನ್ನು ಒಪ್ಪದಿದ್ದರೂ, ಅದು ತೀರಾ ಕಡಿಮೆಯಾಯಿತೆಂದೇ ನನ್ನ ಅನಿಸಿಕೆ. ನಾಳೆ ಹೊರಗಿನ ತೋಳ ಬರದಿದ್ದರೆ ಅದೇ ಸಂಖ್ಯೆ ಮತ್ತೆ ನ್ಯಾಯಾಲಯಕ್ಕೆ ದಾರಿ ತೆರೆಯುತ್ತದೆ, ಆಗ ಕಳೆದುಕೊಳ್ಳುವವರೂ ನಾವೇ.

ನಿಮ್ಮ ಪ್ರಶ್ನೆಗೆ ಉತ್ತರ ನನಗೆ ತೋರಿದಂತೆ ಇದು. ಕುರಿಗೆ ವಿದ್ಯುತ್ ಬೇಲಿ ಹಾಕಬಹುದು, ಅದಕ್ಕೆ ಸರ್ಕಾರದ ಸಹಾಯಧನವಿದೆ, ಕುರಿ ಸತ್ತರೆ ಪರಿಹಾರವೂ ಇದೆ. ಬಿಟ್ಟು ಬೇಟೆಯಾಡುವ ನಾಯಿಗೆ ಬೇಲಿ ಎಂಬುದೇ ಇಲ್ಲ. ಮೊಳೆಗಳಿರುವ ಅಥವಾ ಗಟ್ಟಿ ನೂಲಿನ ಕವಚ ತೊಡಿಸುತ್ತಾರೆ, ಓಡುವ ನಾಯಿಗೆ ಅದು ಭಾರ ಮತ್ತು ಸೆಕೆ, ಒಂಟಿ ತೋಳದಿಂದ ಉಳಿಸೀತು, ಹಿಂಡಿನಿಂದ ಉಳಿಸುವುದು ಕಷ್ಟ. ತೋಳ ನಾಯಿಯ ಮೇಲೆ ಬಿದ್ದಾಗ ಅದನ್ನು ಹೊಡೆಯಲು ಕಾನೂನು ಅವಕಾಶ ಕೊಡುತ್ತದೆ, ಆದರೆ ನಾನು ಮೇಲೆ ಹೇಳಿದಂತೆ ಒಡೆಯ ಆ ಹೊತ್ತಿಗೆ ಅಲ್ಲಿರುವುದೇ ಅಪರೂಪ. ಕುರಿಯವನಿಗೆ ಬೇಲಿ, ಪರಿಹಾರ ಎಂಬ ಎರಡು ಮೂರು ದಾರಿಗಳಿವೆ. ಬೇಟೆಗಾರನಿಗೆ ಕಾಣುವುದು ತೋಳದ ಸಂಖ್ಯೆ ಇಳಿಸುವ ಒಂದೇ ದಾರಿ, ಹಾಗಾಗಿ ಅವನು ಅದನ್ನೇ ಗಟ್ಟಿಯಾಗಿ ಕೇಳುತ್ತಾನೆ.

ಆ ಒಂದೇ ದಾರಿಯೂ ಅಂದುಕೊಂಡಷ್ಟು ನೇರವಲ್ಲ. ಪರವಾನಗಿ ಬೇಟೆ ಸಾಮಾನ್ಯವಾಗಿ ಗೊತ್ತುಪಡಿಸಿದ ಹಿಂಡಿನ ಸರಹದ್ದಿನಲ್ಲಿ ಜನವರಿ 2ರಿಂದ ನಡೆಯುತ್ತದೆ. ಖಾಲಿಯಾದ ಜಾಗಕ್ಕೆ ಮುಂದಿನ ವರ್ಷವೋ ಅದರಾಚೆಯೋ ಇನ್ನೊಂದು ಜೋಡಿ ಬಂದು ಸೇರಬಹುದು. ನಮ್ಮ ತಂಡದಲ್ಲಿ ಈಗ ಮಾಡುತ್ತಿರುವುದು ಬೇರೆ: ನಾಯಿ ಬಿಡುವ ಮುಂಚೆ ಸ್ಕಾಂಡೋಬ್ಸ್ ಎಂಬ ಆ್ಯಪಿನಲ್ಲಿ ಸುತ್ತಲಿನವರು ವರದಿ ಮಾಡಿದ ಜಾಡುಗಳನ್ನು ನೋಡುತ್ತೇವೆ, ಹೊಸ ಗುರುತಿದ್ದರೆ ಆ ಕಡೆ ಬಿಡುವುದಿಲ್ಲ. ಅಕ್ಟೋಬರಿನಲ್ಲಿ ಬೇಟೆ ತೊಡಗುವಾಗ ಹಿಮವಿರುವುದಿಲ್ಲ, ಜಾಡು ಕಾಣುವುದಿಲ್ಲ, ಆ್ಯಪಿನಲ್ಲಿ ವರದಿಗಳೂ ಕಡಿಮೆ. ಇದಕ್ಕೆ ಪರಿಹಾರವಾಗಿ ಹಿಂಡಿಗೊಂದು ತೋಳಕ್ಕಾದರೂ ಜಿಪಿಎಸ್ ಪಟ್ಟಿ ಹಾಕಿ, ಬೇಟೆಯ ದಿನಗಳಲ್ಲಿ ಅದು ಸುಮಾರು ಎಲ್ಲಿದೆ ಎಂದು ತಂಡಗಳಿಗೆ ತಿಳಿಸಬಹುದೇ ಎಂದು ಕೇಳಿದರೆ ಎರಡು ಕಡೆಯವರೂ ತಲೆಯಾಡಿಸುತ್ತಾರೆ: ಖರ್ಚು ಹೆಚ್ಚೆಂದು ಆಡಳಿತದವರು, ಆ ಮಾಹಿತಿ ಕಳ್ಳಬೇಟೆಗಾರನ ಕೈಗೂ ಹೋಗುತ್ತದೆಂದು ಸಂರಕ್ಷಕರು. ಆ ಎರಡನೆಯ ಆಕ್ಷೇಪಕ್ಕೆ ನನ್ನ ಬಳಿ ಉತ್ತರವಿಲ್ಲ. ‘ಹಿಮಜಾಡು’ ಅವರು ಉಪ್ಸಾಲಾದಲ್ಲಿ ಇರುವವರಾದ್ದರಿಂದ, ಇಂಥದ್ದನ್ನು ಎಲ್ಲಾದರೂ ಪ್ರಯತ್ನಿಸಿ ನೋಡಿದ್ದಾರೆಯೇ ಎಂದು ತಿಳಿಸಿದರೆ ಉಪಕಾರವಾಗುತ್ತದೆ.