ಸಹಾಯ ಬೇಕು: ಸಕಲೇಶಪುರ ಕಡೆ ಅಸ್ಸಾಮಿ ಬಲ್ಲ ದುಭಾಷಿ
ಕಾಫಿ ತೋಟದ ಲೈನ್ ಮನೆಗಳಲ್ಲಿ (ಕಾರ್ಮಿಕರ ಸಾಲುಮನೆ) ಇರುವ, ತಮ್ಮ ಊರಲ್ಲಿ ಹಿಂಸೆ ಕಣ್ಣಾರೆ ಕಂಡ ನಾಲ್ಕು ಮಕ್ಕಳಿಗೆ (8ರಿಂದ 13 ವರ್ಷ) ಕಿಡ್‌ನೆಟ್ ಚಿಕಿತ್ಸೆ (ಆಘಾತ ಕಂಡ ಮಕ್ಕಳು ತಮ್ಮ ಬದುಕಿನ ಕತೆ ಹೇಳುತ್ತಾ ಹೆದರಿಕೆ ಕಳೆದುಕೊಳ್ಳುವ ಮನೋಚಿಕಿತ್ಸೆ) ಶುರು ಮಾಡಬೇಕಿದೆ. ನೆಲದ ಮೇಲೆ ಹಗ್ಗ ಹಾಸಿ, ಹುಟ್ಟಿದಾಗಿನಿಂದ ಇವತ್ತಿನವರೆಗಿನ ಖುಷಿಗೆ ಹೂ, ನೋವಿಗೆ ಕಲ್ಲು ಇಡಿಸುತ್ತೇವೆ. ಆಮೇಲೆ ಒಂದೊಂದೇ ಕಲ್ಲಿನ ಕತೆ. ಹೆದರಿಕೆ ಏರಿದಾಗ ಅರ್ಧಕ್ಕೆ ನಿಲ್ಲಿಸಿದರೆ ಮಗು ಅದನ್ನೇ ಹೊತ್ತು ಮನೆಗೆ ಹೋಗುತ್ತೆ. ಇಳಿಯುವವರೆಗೂ ಕೂರಬೇಕು, 90 ನಿಮಿಷ ಆದರೂ ಸರಿ.

ಅದಕ್ಕೇ ಅಸ್ಸಾಮಿ ಅಥವಾ ಸಾದ್ರಿ (ಅಸ್ಸಾಮಿನ ಚಹಾ ತೋಟದ ಕಾರ್ಮಿಕರಾಡುವ ಭಾಷೆ) ಬಲ್ಲವರು ಬೇಕು, ಮಹಿಳೆಯಾದರೆ ಒಳ್ಳೆಯದು. ತೋಟದ ಮೇಸ್ತ್ರಿ, ರೈಟರ್ (ಲೆಕ್ಕ ಬರೆಯುವವರು) ದಯವಿಟ್ಟು ಬೇಡ. ಅವರೆದುರು ಮಕ್ಕಳು ಬಾಯಿ ಬಿಡಲ್ಲ. ಮಗು ‘ನಾನು’ ಅಂದರೆ ನೀವೂ ‘ನಾನು’ ಅಂತಲೇ ಹೇಳಬೇಕು, ಸಮಾಧಾನದ ಮಾತು ಸೇರಿಸುವಂತಿಲ್ಲ. ವಾರಕ್ಕೆರಡು ದಿನ, ಎಂಟು ವಾರ; ಓಡಾಟದ ಖರ್ಚು ನಮ್ಮದು. ಕಾಫಿ ಕೊಯ್ಲು ಮುಗಿದರೆ ಕುಟುಂಬಗಳು ಹೊರಟುಬಿಡುತ್ತವೆ, ಬೇಗ ತಿಳಿಸಿ.