ಬಿಸಿಲೇರಿದರೆ ನಿಂತುಬಿಡುವ ಪದ್ಮಿನಿ: ಪಂಪ್ ಬದಲಿಸಿದರೂ ಪರಿಹಾರ ಸಿಕ್ಕಿಲ್ಲ

ಕರಿಮಣ್ಣು_ಕಲಬುರಗಿ:
ಎಲ್ಲರಿಗೂ ಶರಣು. ನನ್ನ 1978ರ ಪ್ರೀಮಿಯರ್ ಪದ್ಮಿನಿ ಕಾರು ಬೆಳಗಿನ ತಂಪಿನಲ್ಲಿ ಒಂದೇ ಸೆಲ್ಫ್ ಸ್ಟಾರ್ಟಿಗೆ ಚಾಲೂ ಆಗುತ್ತದೆ. ಬಿಸಿಲೇರಿದ ಮೇಲೆ ಹುಮನಾಬಾದ್ ರಸ್ತೆ ಹಿಡಿದರೆ ಕಮಲಾಪುರ ದಾಟುವುದರೊಳಗೆ ಮುಗ್ಗರಿಸಿ ನಿಲ್ಲುತ್ತದೆ. ಬಾನೆಟ್ ತೆರೆದು ಅರ್ಧ ತಾಸು ನೆರಳಿನಲ್ಲಿ ನಿಲ್ಲಿಸಿದರೆ ತಾನಾಗಿಯೇ ಸರಿಹೋಗುತ್ತದೆ. ಪೆಟ್ರೋಲ್ ಪಂಪ್ ಹೊಸದು ಹಾಕಿಸಿದ್ದೇನೆ, ಕಾರ್ಬುರೇಟರ್ ಬಿಚ್ಚಿಸಿ ತೊಳೆಸಿದ್ದೇನೆ, ರೇಡಿಯೇಟರ್ ಕೂಡ ಸ್ವಚ್ಛವಾಗಿದೆ. ಇಷ್ಟು ಖರ್ಚಾದರೂ ಈ ವಿಂಟೇಜ್ ಕಾರಿನಲ್ಲಿ ಮನೆಯವರನ್ನು ಧೈರ್ಯವಾಗಿ ಬೀದರ್ ಕೋಟೆಗೆ ಕರೆದೊಯ್ಯಲಾಗುತ್ತಿಲ್ಲ. ಇನ್ನು ಏನನ್ನು ಬದಲಿಸಬೇಕು?

ಬೀದರ್_ಫಿಯಟ್:
ಇದು ವೇಪರ್ ಲಾಕ್, ಬೇರೆ ಯೋಚನೆಯೇ ಬೇಡ. ಪದ್ಮಿನಿಯ ಟ್ಯಾಂಕ್ ಹಿಂದೆ, ಪಂಪ್ ಮುಂದೆ ಎಂಜಿನ್ನಿಗೇ ಅಂಟಿಕೊಂಡಿದೆ. ಪಂಪ್ ಅಷ್ಟು ದೂರದಿಂದ ಎಳೆಯುವಾಗ ಪೈಪಿನೊಳಗಿನ ಒತ್ತಡ ಇಳಿಯುತ್ತದೆ, ಒತ್ತಡ ಇಳಿದಷ್ಟೂ ಪೆಟ್ರೋಲ್ ಕಡಿಮೆ ಶಾಖದಲ್ಲೇ ಆವಿಯಾಗುತ್ತದೆ, ಆವಿ ತುಂಬಿದ ಪಂಪ್ ಏನನ್ನೂ ಎಳೆಯಲಾರದು. ನಿಂತಾಗ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ನೋಡಿ.

ಭೀಮಾತೀರ:
ಒಪ್ಪುತ್ತೇನೆ. ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇರುವುದರಿಂದ ಹಳೆಯ ರಬ್ಬರ್ ಪೈಪುಗಳೂ ಪಂಪಿನ ಡಯಾಫ್ರಮ್ಮೂ (ಒಳಗಿನ ತೆಳು ಪೊರೆ) ಬೇಗ ಹಾಳಾಗುತ್ತವೆ. ಟ್ಯಾಂಕಿನ ಹತ್ತಿರ ಕಡಿಮೆ ಒತ್ತಡದ ಎಲೆಕ್ಟ್ರಿಕ್ ಪಂಪ್ ಕೂರಿಸಿದರೆ ಎಳೆಯುವ ಬದಲು ತಳ್ಳುವ ವ್ಯವಸ್ಥೆಯಾಗುತ್ತದೆ.

ಹಳೇಚಕ್ರ_ಯಾದಗಿರಿ:
ದಯವಿಟ್ಟು ಎಲೆಕ್ಟ್ರಿಕ್ ಪಂಪ್ ಹಾಕಬೇಡಿ. ಮುಂಬೈನ ಕುರ್ಲಾ ಕಾರ್ಖಾನೆಯಿಂದ ಹೇಗೆ ಬಂದಿತೋ ಹಾಗೆ ಉಳಿದ ಪದ್ಮಿನಿಗಳು ದಿನೇ ದಿನೇ ಕಡಿಮೆಯಾಗುತ್ತಿವೆ. ಇನ್ನೊಂದು ಮಾತು: 2021ರ ಕೇಂದ್ರ ನಿಯಮದ ಪ್ರಕಾರ ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ವಾಹನ ಮಾತ್ರ ವಿಂಟೇಜ್. 1978ರ ಗಾಡಿ ಆ ಸಾಲಿಗೆ ಬರಲು 2028 ಬರಬೇಕು.

ಭೀಮಾತೀರ:
ರಸ್ತೆಯಲ್ಲಿ ನಿಂತ ಗಾಡಿಗೆ ಮೂಲರೂಪವಿದ್ದು ಏನು ಪ್ರಯೋಜನ, ಸರ್? ಹಳೆಯ ಪಂಪನ್ನು ಬಿಚ್ಚಿ ಜೋಪಾನವಾಗಿಟ್ಟರೆ ಬೇಕಾದಾಗ ಮರಳಿ ಕೂರಿಸಬಹುದು. ನನ್ನ ಗಾಡಿಯಲ್ಲಿ ಎಲೆಕ್ಟ್ರಿಕ್ ಪಂಪ್ ಜೊತೆಗೆ ಎಕ್ಸಾಸ್ಟ್ ಶಾಖ ತಡೆಯುವ ತಗಡೂ ಇದೆ, ಯಾದಗಿರಿಯ ಮೇ ತಿಂಗಳಲ್ಲೂ ಎಲ್ಲಿಯೂ ನಿಂತಿಲ್ಲ.

ಕರಿಮಣ್ಣು_ಕಲಬುರಗಿ:
ನೋಂದಣಿಯ ಚರ್ಚೆ ಬೇರೆ ಕಡೆ ಆಗಲಿ. ಒದ್ದೆ ಬಟ್ಟೆ ಹಾಕಿದೆ, ಪೈಪನ್ನೂ ಎಕ್ಸಾಸ್ಟಿನಿಂದ ದೂರ ಸರಿಸಿದೆ. ಗಾಡಿ ಅದೇ ಜಾಗದಲ್ಲಿ ನಿಂತಿತು.

ಬೀದರ್_ಫಿಯಟ್:
ಬಟ್ಟೆಗೆ ನೀರು ಸಾಕಷ್ಟು ಹಾಕಿರಲಿಕ್ಕಿಲ್ಲ.

ಕಾಗಿಣಾ_ಗ್ಯಾರೇಜ್:
ಸ್ವಲ್ಪ ತಾಳಿ. ಪೆಟ್ರೋಲ್ ಬರುತ್ತಿಲ್ಲವೋ ಕಿಡಿ ಬರುತ್ತಿಲ್ಲವೋ ಎಂಬುದನ್ನು ಇದುವರೆಗೆ ಯಾರೂ ಕೇಳಿಲ್ಲ. ಅದು ತಿಳಿಯದೆ ಹಾಕುವ ಪ್ರತಿ ಹೊಸ ಸಾಮಾನೂ ದಂಡ. ಮುಂದಿನ ಸಲ ನಿಂತಾಗ ತಣ್ಣಗಾಗುವವರೆಗೆ ಕಾಯಬೇಡಿ. ಏರ್ ಫಿಲ್ಟರ್ ತೆಗೆದು, ಥ್ರಾಟಲ್ಲನ್ನು ಕೈಯಿಂದ ಎಳೆದು, ಕಾರ್ಬುರೇಟರಿನ ಬಾಯೊಳಗೆ ನೋಡಿ. ಪೆಟ್ರೋಲ್ ಧಾರೆ ಚಿಮ್ಮಿದರೆ ವೇಪರ್ ಲಾಕ್ ಮಾತನ್ನು ಬದಿಗಿಡಬಹುದು. ಆ ಆವಿ ಪೂರ್ತಿ ಆರಿ, ವಾಸನೆ ಹೋದ ಮೇಲೆಯೇ ಪ್ಲಗ್ ಬಿಚ್ಚಿ, ಅದನ್ನು ಕಾರ್ಬುರೇಟರಿನಿಂದ ದೂರ ಎಂಜಿನ್ನಿಗೆ ತಾಗಿಸಿ ಸೆಲ್ಫ್ ಹೊಡೆಸಿ, ಕಿಡಿಯ ಬಣ್ಣ ಹೇಳಿ. ಈಚೆಗೆ ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಸುರುಳಿ) ಬದಲಿಸಿದ್ದೀರಾ?

ಕರಿಮಣ್ಣು_ಕಲಬುರಗಿ:
ಇಂದು ಮಧ್ಯಾಹ್ನ ನೋಡಿದೆ. ಪೆಟ್ರೋಲ್ ಚೆನ್ನಾಗಿ ಚಿಮ್ಮುತ್ತದೆ, ಕಿಡಿ ಮಾತ್ರ ತೆಳ್ಳಗೆ ಹಳದಿಯಾಗಿದೆ. ಕಾಯಿಲನ್ನು ದೀಪಾವಳಿಯ ಹೊತ್ತಿಗೆ ಒಂದು ಗ್ಯಾರೇಜಿನಲ್ಲಿ ಬದಲಿಸಿದ್ದರು. ಮಿಸ್ತ್ರಿ ಬೇರೆ ಗಾಡಿಯ ಕಾಯಿಲ್ ಹಾಕಿದ್ದರು, ಚಳಿಗಾಲದಲ್ಲಿ ಯಾವ ತೊಂದರೆಯೂ ಇರಲಿಲ್ಲ.

ಕಾಗಿಣಾ_ಗ್ಯಾರೇಜ್:
ನಮಗೆ ಮೊದಲೇ ಬೇಕಿದ್ದ ಸಂಗತಿ ಇದೇ. ವೈರುಗಳನ್ನು ಬಿಚ್ಚಿ ಕಾಯಿಲಿನ ಎರಡು ಚಿಕ್ಕ ತುದಿಗಳ ನಡುವೆ ಮಲ್ಟಿಮೀಟರ್ ಇಟ್ಟು ನೋಡಿ. ಸುಮಾರು 3 ಓಮ್ ಬಂದರೆ ಅದು ನೇರ 12 ವೋಲ್ಟಿನ ಕಾಯಿಲ್. 1.5ರ ಆಸುಪಾಸು ಬಂದರೆ ಅದಕ್ಕೆ ಕರೆಂಟ್ ಹರಿವನ್ನು ತಗ್ಗಿಸುವ ಬ್ಯಾಲಸ್ಟ್ ರೆಸಿಸ್ಟರ್ ಬೇಕೇ ಬೇಕು, ಇಲ್ಲದಿದ್ದರೆ 4 ಆಂಪಿಯರ್ ಹರಿಯಬೇಕಾದ ಪಾಯಿಂಟಿನಲ್ಲಿ (ಕಾಯಿಲಿನ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್) 8ರಷ್ಟು ಹರಿಯುತ್ತದೆ. ಪಾಯಿಂಟ್ ಸುಟ್ಟು ಕಪ್ಪಾಗುತ್ತದೆ, ಕಾಯಿಲ್ ಮುಟ್ಟಲಾಗದಷ್ಟು ಕಾಯುತ್ತದೆ, ಕಾದ ಕಾಯಿಲಿನ ಕಿಡಿ ಸೊರಗುತ್ತದೆ. ಚಳಿಯಲ್ಲಿ ಹೇಗೋ ನಡೆಯುತ್ತದೆ, ನಮ್ಮ ಕಡೆಯ 42 ಡಿಗ್ರಿಯಲ್ಲಿ ನಡೆಯುವುದಿಲ್ಲ. ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್ ಕೂಡ ಬಿಸಿಯಾದಾಗ ಮಾತ್ರ ಕೈಕೊಡಬಲ್ಲದು, ಆದ್ದರಿಂದ ಪಾಯಿಂಟಿನ ಜೊತೆಗೇ ಅದನ್ನೂ ಬದಲಿಸಿ.

ಬೀದರ್_ಫಿಯಟ್:
ಕಾಯಿಲ್ ಇರಬಹುದು, ಆದರೆ ಕಮಲಾಪುರದ ಏರಿನಲ್ಲೇ ನಿಲ್ಲುವುದು ನನ್ನ ಮಾತಿಗೂ ಪುಷ್ಟಿ ಕೊಡುತ್ತದೆ.

ಕಾಗಿಣಾ_ಗ್ಯಾರೇಜ್:
ಏರಿನಲ್ಲಿ ಎಂಜಿನ್ ಮೇಲೆ ಭಾರ ಹೆಚ್ಚಿದಾಗ ಬಲವಾದ ಕಿಡಿಯೂ ಬೇಕಾಗುತ್ತದೆ, ಸರ್. ದುರ್ಬಲ ಕಿಡಿ ಮೊದಲು ಸೋಲುವುದು ಅಲ್ಲಿಯೇ.

ಕರಿಮಣ್ಣು_ಕಲಬುರಗಿ:
ಮೀಟರ್ 1.6 ತೋರಿಸಿತು. ರೆಸಿಸ್ಟರ್ ಎಲ್ಲಿಯೂ ಇಲ್ಲ, ಪಾಯಿಂಟ್ ಕಪ್ಪಾಗಿದೆ. 3 ಓಮ್ ಕಾಯಿಲ್, ಪಾಯಿಂಟ್, ಕಂಡೆನ್ಸರ್ ಮೂರನ್ನೂ ಹೈದರಾಬಾದಿನಿಂದ ತರಿಸುತ್ತಿದ್ದೇನೆ. ಕೂರಿಸಿದ ಮೇಲೆ ನಡುಮಧ್ಯಾಹ್ನವೇ ಹುಮನಾಬಾದಿನವರೆಗೆ ಓಡಿಸಿ ಇಲ್ಲಿಯೇ ಬರೆಯುತ್ತೇನೆ.

ಹಳೇಚಕ್ರ_ಯಾದಗಿರಿ:
ಬಿಚ್ಚಿದ ಹಳೆಯ ಪೆಟ್ರೋಲ್ ಪಂಪನ್ನು ಗುಜರಿಗೆ ಹಾಕಿಲ್ಲ ತಾನೇ? ಅದು ಮೊದಲಿನಿಂದ ಇದ್ದದ್ದಾದರೆ ಎಥನಾಲ್ ತಡೆಯುವ ಡಯಾಫ್ರಮ್ ಹಾಕಿಸಿ ಮತ್ತೆ ಬಳಸಬಹುದು.