ಧೂಪ ಹಾಕುವುದಿಲ್ಲ ಎನ್ನುವ ತಮ್ಮನಿಗೆ ಏನು ಹೇಳಲಿ?

ಮದ್ದೂರಿನ ಅಕ್ಕ:
ಅಪ್ಪ ತೀರಿಕೊಂಡ ಮೇಲೆ ಬರುತ್ತಿರುವ ಮೊದಲ ಪಿತೃಪಕ್ಷ. ಮಹಾಲಯ ಅಮಾವಾಸ್ಯೆಯಂದು ಎಡೆ ಇಡಬೇಕು. ಮೈಸೂರಿನಲ್ಲಿ ಎಂಜಿನಿಯರ್ ಆಗಿರುವ ತಮ್ಮ, "ಧೂಪ ಹಾಕಲಾರೆ ಅಕ್ಕ, ಸತ್ತವರು ಬಂದು ಉಣ್ಣುತ್ತಾರೆಂದು ನನಗೆ ನಂಬಿಕೆಯಿಲ್ಲ" ಎಂದುಬಿಟ್ಟಿದ್ದಾನೆ. ಬದುಕಿದ್ದಾಗ ಅಪ್ಪನನ್ನು ಡಯಾಲಿಸಿಸ್‌ಗೆ ಎತ್ತಿಕೊಂಡು ತಿರುಗಿದವನು ಅವನೇ, ಅದನ್ನು ಅಲ್ಲಗಳೆಯಲಾರೆ. ಅವ್ವ ಮಾತ್ರ ಮುಖ ಊದಿಸಿಕೊಂಡು ಕುಳಿತಿದ್ದಾಳೆ. ಹೋದ ಸಲ ಅವನಿಗೆ ತಿಳಿಯದಂತೆ ಬ್ಯಾಗಿಗೆ ಚಾಮುಂಡಿ ಬೆಟ್ಟದ ಕುಂಕುಮದ ಪೊಟ್ಟಣ ಸೇರಿಸಿದ್ದಳು. ಅದು ಲ್ಯಾಪ್‌ಟಾಪಿನ ಮೇಲೆಲ್ಲ ಚೆಲ್ಲಿ, ಫೋನಿನಲ್ಲಿ ದೊಡ್ಡ ರಂಪವಾಯಿತು. ನಾನು ಆಷಾಢ ಶುಕ್ರವಾರ ತಪ್ಪದೆ ಬೆಟ್ಟ ಹತ್ತುವವಳು. ತಮ್ಮನೂ ಬೇಕು, ಹಬ್ಬವೂ ನಡೆಯಬೇಕು.

ಶ್ರೀರಂಗಪಟ್ಟಣದ ಮೇಷ್ಟ್ರು:
ನನ್ನ ಮಗಳೂ ಹೀಗೆಯೇ ತಾಯಿ. ಅವಳೊಡನೆ ವಾದಕ್ಕಿಳಿದರೆ ಸಾರು ಆರಿ ತಣ್ಣಗಾಗುತ್ತದೆ, ಬೇರೇನೂ ಆಗುವುದಿಲ್ಲ. ಈಗ ನಾವು ಅವಳ ನಂಬಿಕೆಯ ಸುದ್ದಿಗೇ ಹೋಗುವುದಿಲ್ಲ. ಯಾವ ಕೆಲಸ ಮಾಡುತ್ತೀಯ ಎಂದಷ್ಟೇ ಕೇಳುತ್ತೇವೆ. ಮಸಾಲೆ ರುಬ್ಬುತ್ತಾಳೆ, ಎಲೆ ತೊಳೆಯುತ್ತಾಳೆ, ಬಂದವರಿಗೆ ಬಡಿಸುತ್ತಾಳೆ. ಧೂಪದ ಹೊತ್ತಿಗೆ ಜಗುಲಿಗೆ ಹೋಗಿ ಕೂರುತ್ತಾಳೆ. ಯಾರೂ ಒಳಗೆ ಕರೆಯುವುದಿಲ್ಲ, ಯಾರೂ ಗೊಣಗುವುದಿಲ್ಲ. (ನನ್ನ ಅತ್ತಿಗೆ ಗೊಣಗುತ್ತಾರೆ. ಅವರು ಎಲ್ಲದಕ್ಕೂ ಗೊಣಗುತ್ತಾರೆ.) ಎಡೆಗೆ ಹಿರಿಯರು ಇಷ್ಟಪಟ್ಟದ್ದನ್ನು ಇಡುವುದು ನಮ್ಮ ಕಡೆಯ ಪದ್ಧತಿ. ಅಪ್ಪನಿಗೆ ಏನೇನು ಇಷ್ಟವಿತ್ತು ಎಂದು ತಮ್ಮನನ್ನೇ ಕೇಳಿ. ಆ ಪಟ್ಟಿ ಬರೆಯಲು ದೇವರನ್ನು ನಂಬಬೇಕಿಲ್ಲ.

ಕುವೆಂಪುನಗರದಿಂದ:
ನಾನು ನಂಬದವನು, ತಮ್ಮನ ಕಡೆಯಿಂದ ಒಂದೆರಡು ಮಾತು. ಕೈ ಮುಗಿ ಎಂದು ಕೇಳಿದರೆ ನನಗೆ ಬೇಸರವಿಲ್ಲ, ಆಗುವುದಿಲ್ಲ ಎಂದು ಹೇಳಬಹುದು. ಆದರೆ ಕೆಲಸ ಹೋದಾಗ "ದೇವರನ್ನು ಬಿಟ್ಟೆಯಲ್ಲ, ಅದಕ್ಕೇ" ಎಂದ ನೆಂಟರ ಮನೆಗೆ ಇವತ್ತಿಗೂ ಕಾಲಿಟ್ಟಿಲ್ಲ. ಕುಂಕುಮವನ್ನು ಕದ್ದು ಇಡಬೇಡಿ. "ನನ್ನ ಸಮಾಧಾನಕ್ಕೆ ಇಟ್ಟುಕೋ" ಎಂದು ಅವ್ವ ಕೈಗೇ ಕೊಟ್ಟರೆ ನಾನಾದರೆ ತೆಗೆದುಕೊಳ್ಳುತ್ತೇನೆ. ಮಗ ಕೆಟ್ಟುಹೋದ ಎಂಬ ಭಯ ಅವರಿಗಿದ್ದರೆ ಎಚ್. ನರಸಿಂಹಯ್ಯನವರ ವಿಷಯ ಹೇಳಿ. ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದಾಗ 1976ರಲ್ಲಿ ಪವಾಡಗಳ ಪರಿಶೀಲನೆಗೆ ಸಮಿತಿ ಮಾಡಿದವರು. ಖಾದಿ ಉಟ್ಟು, ಹಾಸ್ಟೆಲಿನ ಕೋಣೆಯಲ್ಲೇ ಸರಳವಾಗಿ ಬಾಳಿದವರು.

ಮಂಡ್ಯದ ವಕೀಲ:
ಸಂವಿಧಾನದ 25ನೇ ವಿಧಿ ಆತ್ಮಸಾಕ್ಷಿಯ ಸ್ವಾತಂತ್ರ್ಯ ಕೊಟ್ಟಿದೆ. ಬಲವಂತ ಸಲ್ಲದು.

ಶ್ರೀರಂಗಪಟ್ಟಣದ ಮೇಷ್ಟ್ರು:
ವಕೀಲರೇ, ಅದನ್ನು ಅವರ ಅವ್ವನ ಮುಂದೆ ಹೇಳಿ ನೋಡಿ.

ಮದ್ದೂರಿನ ಅಕ್ಕ:
ನಿನ್ನೆ ರಾತ್ರಿ ತಮ್ಮನನ್ನು ಕೇಳಿದೆ. ತಲೆಮಾಂಸದ ಸಾರು, ಕಜ್ಜಾಯ, ಗಣೇಶ ಬೀಡಿ, ಕೆಂಪಂಚಿನ ಪಂಚೆ ಎಂದು ನಿಲ್ಲಿಸದೆ ಹೇಳಿದ. ಪಂಚೆಯ ಅಂಚು ನನಗೇ ಮರೆತಿತ್ತು. ಪಂಚೆ, ಮಾಂಸ ಎರಡನ್ನೂ ತಾನೇ ತರುತ್ತಾನಂತೆ. ಧೂಪಕ್ಕೆ ಚಿಕ್ಕಪ್ಪನನ್ನು ಕರೆಯೋಣವೆಂದರೆ ಅವ್ವ ಇನ್ನೂ ಒಪ್ಪಿಲ್ಲ. ಹೊಟ್ಟೆಯಲ್ಲಿ ಹುಟ್ಟಿದವರೇ ಹಾಕಬೇಕು ಎನ್ನುತ್ತಾಳೆ. ಹಾಗಿದ್ದರೆ ನಾನಿದ್ದೇನಲ್ಲ? ಹೆಣ್ಣುಮಕ್ಕಳು ಧೂಪ ಹಾಕುವುದು ನಿಮ್ಮ ಊರುಗಳಲ್ಲಿ ಇದೆಯೇ, ತಿಳಿಸಿ.